ಪ್ರತಿಕ್ರಿಯೆ: ತೀರ್ಥಹಳ್ಳಿ ಕಡೆ ಕಡಸನ್ನು (ಇನ್ನೂ ಕರು ಹಾಕದ ಎಳೆ ಹಸು) ಸೀಳುನಾಯಿ (ಕಾಡುನಾಯಿ) ಕೊಂದಿದೆ, ಪರಿಹಾರ ಸಿಗುತ್ತಾ?

ಸಿಗುತ್ತೆ, ಆದ್ರೆ ಕೊಂದಿದ್ದು ಕಾಡುಪ್ರಾಣಿ ಅಂತ ದಾಖಲೆಯಲ್ಲಿ ಬರಬೇಕು. ಊರು ನಾಯಿ ಕೊಂದಿದ್ದಕ್ಕೆ ಅರಣ್ಯ ಇಲಾಖೆ ಕೊಡಲ್ಲ, ಜಗಳ ಶುರುವಾಗೋದೇ ಅಲ್ಲಿ.

ಹೆಣ ಕದಲಿಸಬೇಡಿ, ಹೂಳಬೇಡಿ. ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ಅರಣ್ಯದವರ ಮಹಜರು (ಸ್ಥಳ ನೋಡಿ ಬರೆಯೋ ದಾಖಲೆ), ಪಶುವೈದ್ಯರ ಮರಣೋತ್ತರ ವರದಿ ಎರಡೂ ಬೇಕು. ಅರ್ಜಿ ಇಲಾಖೆಯ ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಾಗುತ್ತೆ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡ್ಕೊಳ್ಳಿ.

ಮಳೆ ಬರೋದ್ರೊಳಗೆ ಫೋಟೋ ತೆಗೀರಿ. ಪೂರ್ತಿ ಹೆಣ, ಕುತ್ತಿಗೆ, ಹಿಂಭಾಗ, ಹೆಜ್ಜೆ ಗುರುತು. ಪಕ್ಕದಲ್ಲೊಂದು ಸ್ಕೇಲ್ ಇಡಿ. ಹಿಂಭಾಗ, ಹೊಟ್ಟೆಯಿಂದ ತಿಂದಿದೆ ಅಂತ ಪ್ರಶ್ನೆಯಲ್ಲಿ ಬರೆದಿದ್ದೀರಿ. ಗಂಟಲಲ್ಲಿ ಹಲ್ಲಿನ ಆಳ ತೂತಿಲ್ಲದಿದ್ರೆ ಸೀಳುನಾಯಿ ಅನ್ನೋದು ಸರಿ ಇರಬಹುದು. ಚಿರತೆ ಸಾಮಾನ್ಯವಾಗಿ ಗಂಟಲು ಕಚ್ಚಿ, ಪೊದೆಗೆ ಎಳೆದೊಯ್ಯುತ್ತೆ. ತೋಳ ಬಯಲುಸೀಮೆಯದು, ನಿಮ್ಮ ಕಾಡಲ್ಲಿ ಅದರ ಮಾತೇ ಬೇಡ. ವೈದ್ಯರಿಗೆ ಗಾಯದ ಸುತ್ತ ಚರ್ಮ ಬಿಡಿಸಿ ನೋಡೋಕೆ ಹೇಳಿ: ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಜೀವ ಇದ್ದಾಗಲೇ ಕಚ್ಚಿದ್ದು, ಬಿಳಿಚಿದ್ರೆ ಸತ್ತ ಮೇಲೆ ತಿಂದಿದ್ದು. ಕಾಯಿಲೆಯಿಂದ ಸತ್ತಿದ್ದನ್ನು ನಾಯಿ ತಿಂತು ಅಂತ ಅರ್ಜಿ ಬಿದ್ದುಹೋಗೋದು ಇದೊಂದು ಸಾಲು ವರದಿಯಲ್ಲಿ ಇಲ್ಲದೆ.

ಹೆಣಕ್ಕೆ ವಿಷ ಹಾಕಿ ಸೀಳುನಾಯಿ ಕೊಲ್ಲೋ ಸಲಹೆಯನ್ನು ನಿಮ್ಮ ಪ್ರಶ್ನೆಗೆ ಯಾರೋ ಕೊಟ್ಟಿದ್ದಾರೆ, ಕಿವಿಗೆ ಹಾಕ್ಕೋಬೇಡಿ. ಸೀಳುನಾಯಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ (ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿ), ಕೇಸು ನಿಮ್ಮ ಮೇಲೇ ಬೀಳುತ್ತೆ.

ವಿಮೆ ಮಾಡಿಸಿದ್ರೆ ಕಿವಿಯೋಲೆ (ವಿಮೆಗಾಗಿ ಕಿವಿಗೆ ಹಾಕಿದ ನಂಬರ್ ಬಿಲ್ಲೆ) ಸಮೇತ ತಲೆ ಫೋಟೋ ತೆಗೆದಿಡಿ. ಓಲೆ ಕಳೆದ್ರೆ ಕ್ಲೈಮೂ ಕಳೀತು.