ಫ್ರಿಜ್ಜಿನಲ್ಲಿಟ್ಟ ಚೀಸಿಗೆ ಮಳೆಗಾಲದ ಬೂಷ್ಟು

ಪ್ರಶ್ನೆ: ಸೋಮವಾರಪೇಟೆಯ ಬಳಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಅತಿಥಿಗಳಿಗೆಂದು ಚೆಡ್ಡಾರ್ ಚೀಸನ್ನು 1 ಕಿಲೋ ತೂಕದ ಬ್ಲಾಕ್‌ಗಳಲ್ಲಿ ತರಿಸುತ್ತೇವೆ. ತೆರೆದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೂ ಮಳೆಗಾಲದಲ್ಲಿ ಹತ್ತೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಕಂಪನಿಯ ಪೊಟ್ಟಣದಲ್ಲಿ ಕೆಡದ ಚೀಸ್ ನಮ್ಮಲ್ಲಿ ಏಕೆ ಕೆಡುತ್ತದೆ? ವ್ಯಾಕ್ಯೂಮ್ ಪ್ಯಾಕಿಂಗ್ ಯಂತ್ರ ಕೊಳ್ಳಬಹುದೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೂಷ್ಟು ಬೆಳೆಯಲು ಆಮ್ಲಜನಕವೂ ತೇವವೂ ಬೇಕು. ಕಂಪನಿಯವರು ಸಾಮಾನ್ಯವಾಗಿ ಆಮ್ಲಜನಕವನ್ನು ತಡೆಯುವ ನೈಲಾನ್ ಪದರವನ್ನೂ ಬಿಸಿಗೆ ಬೆಸೆದುಕೊಳ್ಳುವ ಪಾಲಿಥಿನ್ ಪದರವನ್ನೂ ಕೂಡಿಸಿದ ಹಾಳೆಯಲ್ಲಿ ಚೀಸನ್ನಿಟ್ಟು, ಒಳಗಿನ ಗಾಳಿಯನ್ನು ಹೊರಗೆಳೆದು ಮುಚ್ಚುತ್ತಾರೆ. ತುರಿದ ಚೀಸಾದರೆ ಗಾಳಿಯ ಬದಲು ಸಾರಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ತುಂಬುವುದುಂಟು. ಪೊಟ್ಟಣ ಕತ್ತರಿಸಿದ ಕ್ಷಣಕ್ಕೆ ಆ ರಕ್ಷಣೆ ಮುಗಿಯಿತು. ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಹಿಡಿದಿಡುತ್ತದೆಯೇ ಹೊರತು ಆಮ್ಲಜನಕವನ್ನು ಪೂರ್ತಿ ತಡೆಯಲಾರದು.

ನಿಮ್ಮಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿರಬೇಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೊಡಗಿನ ಅಡುಗೆಮನೆಯ ಗಾಳಿಯ ತುಂಬ ನೀರಾವಿಯಿರುವುದರಿಂದ, ಬೆಳಗಿನ ತಿಂಡಿಗೆಂದು ಹೊರಗಿಟ್ಟ ತಣ್ಣನೆಯ ಚೀಸಿನ ಮೇಲೆ ಹನಿಗಟ್ಟುತ್ತದೆ. ಆ ಹನಿಯ ಸಮೇತ ಸುತ್ತಿ ಮತ್ತೆ ಒಳಗಿಟ್ಟರೆ ಬೂಷ್ಟನ್ನು ನಾವೇ ಸಾಕಿದಂತಾಗುತ್ತದೆ. ಆದ್ದರಿಂದ ಪೊಟ್ಟಣ ತೆರೆದ ದಿನವೇ ಶುಚಿಯಾದ, ಒಣಗಿದ ಚಾಕುವಿನಿಂದ ಎರಡು ಮೂರು ದಿನಕ್ಕೆ ಸಾಲುವಷ್ಟು ತುಂಡುಗಳನ್ನು ಮಾಡಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಬೇಕಾದ ತುಂಡನ್ನಷ್ಟೇ ಹೊರತೆಗೆಯಿರಿ. ಕಾಗದ ಒದ್ದೆಯಾದರೆ ಬದಲಿಸಿ. ಫ್ರಿಜ್ಜಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಪದೇ ಪದೇ ತೆರೆಯುವ ಬಾಗಿಲಿನ ಗೂಡಿನಲ್ಲಿ ಚೀಸ್ ಇಡುವುದು ಬೇಡ. ಪಂದಿಕರಿಯ ಪಾತ್ರೆ ಜೊತೆಗಿದ್ದರೆ ಅದನ್ನೂ ಮುಚ್ಚಿಡಿ, ಏಕೆಂದರೆ ಚೀಸಿನ ಕೊಬ್ಬು ಮಸಾಲೆಯ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಅತಿಥಿಗಳು ವಿರಳವಾಗಿ ಚೀಸ್ ಉಳಿಯುವುದಾದರೆ ಯಂತ್ರ ಖಂಡಿತ ಉಪಯುಕ್ತ. ಆದರೆ ಅದು ತಂಪಿಗೆ ಬದಲಿಯಲ್ಲ. ಲಿಸ್ಟೀರಿಯಾ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆಯೂ, ಫ್ರಿಜ್ಜಿನ ತಂಪಿನಲ್ಲಿಯೂ ಬೆಳೆಯಬಲ್ಲದು. ಹಾಗಾಗಿ ಪನೀರ್, ತಾಜಾ ಮೊಜರೆಲ್ಲಾಗಳನ್ನು ಗಾಳಿ ತೆಗೆದಿದ್ದೇವೆಂಬ ಧೈರ್ಯದಿಂದ ಹೆಚ್ಚು ದಿನ ಇಡಬೇಡಿ.

ಚೆಡ್ಡಾರಿನಂಥ ಗಟ್ಟಿ ಚೀಸಿನಲ್ಲಿ ಬೂಷ್ಟು ಕಂಡರೆ, ಚಾಕು ಅದಕ್ಕೆ ತಾಗದಂತೆ ಸುತ್ತಲೂ ಆಳಕ್ಕೂ 2.5 ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆದು ಉಳಿದುದನ್ನು ಬಳಸಬಹುದು. ತುರಿದ ಅಥವಾ ಮೃದು ಚೀಸನ್ನು ಎಸೆಯಲೇಬೇಕು. ಮರ ಬಿದ್ದು ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ. ಅದು ಮೀರಿದರೆ ಚೆಡ್ಡಾರಿನ ಬಗ್ಗೆ ಆತಂಕ ಬೇಡ, ಪನೀರನ್ನಾಗಲಿ ಮೃದು ಚೀಸನ್ನಾಗಲಿ ಅತಿಥಿಗಳಿಗೆ ಬಡಿಸಬೇಡಿ.