ಕಣ್ಣಿನಲ್ಲಿ ಬೇಡದ ರಕ್ತನಾಳ, ಕಾಲಿನಲ್ಲಿ ಬಾರದ ರಕ್ತನಾಳ

ಪ್ರಶ್ನೆ: ನನ್ನ ತಾಯಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಆಗಿರುವ ಹುಣ್ಣು ಯುಗಾದಿಯಿಂದ ಮಾಯುತ್ತಿಲ್ಲ. ಅಲ್ಲಿ ಹೊಸ ರಕ್ತನಾಳ ಬೆಳೆಯುತ್ತಿಲ್ಲ ಎನ್ನುತ್ತಾರೆ ಮಂಡ್ಯದ ವೈದ್ಯರು. ಕಣ್ಣಿನಲ್ಲಿ ಹೊಸ ರಕ್ತನಾಳ ಬೆಳೆದಿದೆ, ತಡೆಯಲು ಇಂಜೆಕ್ಷನ್ ಬೇಕು ಎನ್ನುತ್ತಾರೆ ಮೈಸೂರಿನ ವೈದ್ಯರು. ಒಂದೇ ದೇಹದಲ್ಲಿ ಹೀಗೇಕೆ? ಇಂಜೆಕ್ಷನ್ನಿನಿಂದ ಕಾಲು ಇನ್ನಷ್ಟು ಕೆಡುವುದೇ? ರಕ್ತನಾಳ ಬೆಳೆಸುವ ಪುಡಿ ಎಂದು ಊರಿನಲ್ಲಿ ಒಬ್ಬರು ಮಾರುತ್ತಿದ್ದಾರೆ, ಕೊಡಬಹುದೇ?
– ಓದುಗರೊಬ್ಬರು, ಶ್ರೀರಂಗಪಟ್ಟಣ ತಾಲ್ಲೂಕು

ಸಂಪಾದಕರ ಉತ್ತರ: ಅವಸರದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಿನ ಇಂಜೆಕ್ಷನ್ನನ್ನು ಮುಂದೂಡಬೇಡಿ, ಪುಡಿಯನ್ನು ಕೊಡಬೇಡಿ. ನಿಮ್ಮ ಇಬ್ಬರು ವೈದ್ಯರೂ ಸರಿಯಾದುದನ್ನೇ ಹೇಳಿದ್ದಾರೆ.

ರಕ್ತದಿಂದ ಹೊರಟ ಆಮ್ಲಜನಕ ಲೋಮನಾಳದಿಂದಾಚೆ, ಅಂದರೆ ಕೂದಲಿಗಿಂತ ತೆಳುವಾದ ರಕ್ತನಾಳದಿಂದಾಚೆ, ಸಾಗುವುದು ಹೆಚ್ಚೆಂದರೆ 0.1ರಿಂದ 0.2 ಮಿಲಿಮೀಟರ್. ಅದರಾಚೆಯ ಜೀವಕೋಶ ಉಸಿರುಗಟ್ಟಿದಾಗ ಸುಮ್ಮನಿರುವುದಿಲ್ಲ, ರಕ್ತನಾಳವನ್ನು ಕೂಗಿ ಕರೆಯುತ್ತದೆ. ಎಚ್‌ಐಎಫ್ ಎಂಬ ಪ್ರೋಟೀನನ್ನು ನಮ್ಮ ಕೋಶಗಳು ಸದಾ ತಯಾರಿಸುತ್ತಲೇ ಇರುತ್ತವೆ. ಆಮ್ಲಜನಕ ಸಾಕಷ್ಟಿದ್ದರೆ ಒಂದು ಕಿಣ್ವ ಅದಕ್ಕೆ ಗುರುತು ಹಾಕಿ ಕೆಲವೇ ನಿಮಿಷಗಳಲ್ಲಿ ನಾಶವಾಗುವಂತೆ ಮಾಡುತ್ತದೆ. ಆಮ್ಲಜನಕ ಕುಸಿದರೆ ಆ ಕಿಣ್ವದ ಕೆಲಸ ನಿಲ್ಲುತ್ತದೆ, ಎಚ್‌ಐಎಫ್ ಉಳಿದುಕೊಳ್ಳುತ್ತದೆ, ವಿಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ತಯಾರಿಸಲು ಕೋಶಕ್ಕೆ ಆಜ್ಞೆ ಕೊಡುತ್ತದೆ. ಕೋಶ ಆಮ್ಲಜನಕವನ್ನು ಅಳೆಯುವ ಈ ಬಗೆಯನ್ನು ಕಂಡುಹಿಡಿದ ಸೆಮೆಂಜಾ, ರ‍್ಯಾಟ್‌ಕ್ಲಿಫ್ ಮತ್ತು ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು.

ವಿಇಜಿಎಫ್ ತಲುಪಿದೊಡನೆ ಪಕ್ಕದ ರಕ್ತನಾಳದ ಒಳಪದರದಲ್ಲಿ ಒಂದು ಕೋಶ ಮುಂದಾಳಾಗುತ್ತದೆ. ಅದು ತೆಳುವಾದ ಚಾಚುಗಳನ್ನು ಹೊರಚಾಚಿ, ವಿಇಜಿಎಫ್ ಯಾವ ಕಡೆ ಹೆಚ್ಚಿದೆಯೋ ಆ ಕಡೆಗೆ ಹೊರಡುತ್ತದೆ. ಅಕ್ಕಪಕ್ಕದವು ತಾವೂ ಮುಂದಾಳಾಗದಂತೆ ತಡೆಯುತ್ತದೆ. ಅವು ಹಿಂದೆ ನಿಂತು, ವಿಭಜನೆಗೊಂಡು, ನಳಿಕೆಯನ್ನು ಉದ್ದಮಾಡುತ್ತವೆ. ಆದರೆ ಹೊರಡುವುದೆಂದರೆ ಹೇಗೆ? ನಾಳದ ಸುತ್ತ ಗಟ್ಟಿಯಾದ ಪೊರೆ, ಅದರಾಚೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ದಟ್ಟ ಹೆಣಿಗೆ. ಅದನ್ನು ಕತ್ತರಿಸದೆ ಒಂದು ಹೆಜ್ಜೆಯೂ ಇಡಲಾಗದು.

ಕತ್ತರಿಸುವ ಕೆಲಸ ಕಿಣ್ವಗಳದು. ಮುಂಗಾರಿನ ಮಳೆ ಬಿದ್ದಾಗ ನಿಮ್ಮ ಗದ್ದೆಯ ನೀರಿನಲ್ಲಿ ಗೊದಮೊಟ್ಟೆಗಳನ್ನು ಕಂಡಿರುತ್ತೀರಿ. ಕಪ್ಪೆಯಾಗುವ ಹೊತ್ತಿಗೆ ಅದರ ಬಾಲ ಕಳಚಿ ಬೀಳುವುದಿಲ್ಲ, ಕರಗಿಹೋಗುತ್ತದೆ. ಕೊಲಾಜನ್ನನ್ನು ಕರಗಿಸುವ ಕಿಣ್ವವನ್ನು ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲ್ಯಾಪಿಯೆರ್ 1962ರಲ್ಲಿ ಮೊದಲು ಕಂಡದ್ದು ಆ ಬಾಲದಲ್ಲಿಯೇ. ಅದೇ ಕುಟುಂಬದ, ಒಡಲಲ್ಲಿ ಸತುವಿನ ಪರಮಾಣುವಿರುವ ಎಂಎಂಪಿ ಕಿಣ್ವಗಳು ನಮ್ಮ ಹೊಸ ನಾಳಗಳಿಗೆ ದಾರಿ ಮಾಡುತ್ತವೆ. ಎಳೆಗಳಿಗೆ ಅಂಟಿ ಕುಳಿತಿದ್ದ ವಿಇಜಿಎಫ್ಅನ್ನು ಬಿಡಿಸಿ ಕೂಗನ್ನು ಜೋರು ಮಾಡುವುದೂ ಅವೇ. ನನಗೆ ಬಹಳ ಸೊಗಸೆನಿಸುವ ಸಂಗತಿ ಇನ್ನೊಂದಿದೆ. ಕತ್ತರಿಸಿದ ಚೂರುಗಳಲ್ಲಿ ಕೆಲವು ರಕ್ತನಾಳದ ಬೆಳವಣಿಗೆಗೇ ಕಡಿವಾಣ ಹಾಕುತ್ತವೆ. 1997ರಲ್ಲಿ ಜೂಡಾ ಫೋಕ್‌ಮನ್ ಅವರ ಪ್ರಯೋಗಾಲಯ ಗುರುತಿಸಿದ ಎಂಡೋಸ್ಟ್ಯಾಟಿನ್ ಅಂಥದೊಂದು ಕೊಲಾಜನ್ ಚೂರು.

ಕೊನೆಗೆ ಪೆರಿಸೈಟ್ ಎಂಬ ಕೋಶಗಳು ಬಂದು ನಳಿಕೆಯನ್ನು ಹೊರಗಿನಿಂದ ತಬ್ಬಿಕೊಂಡಾಗಲೇ ನಾಳ ಗಟ್ಟಿಯಾಗುವುದು.

ಈಗ ನಿಮ್ಮ ತಾಯಿಯವರ ಕಣ್ಣಿಗೆ ಬರೋಣ. ವರ್ಷಗಟ್ಟಲೆ ಏರಿದ ಸಕ್ಕರೆ ಅಕ್ಷಿಪಟದ ಪೆರಿಸೈಟ್‌ಗಳನ್ನು ಕೊಲ್ಲುತ್ತದೆ, ಲೋಮನಾಳಗಳು ಮುಚ್ಚಿಹೋಗುತ್ತವೆ. ಅಕ್ಷಿಪಟಕ್ಕೋ ಆಮ್ಲಜನಕದ ಹಸಿವು ವಿಪರೀತ. ಅದು ವಿಇಜಿಎಫ್ಅನ್ನು ಸುರಿಸುತ್ತದೆ, ನಾಳಗಳು ಬೆಳೆಯುತ್ತವೆ, ಆದರೆ ಏರಿ ಕಟ್ಟದೆ ನೀರು ಬಿಟ್ಟ ಕಾಲುವೆಯ ಹಾಗೆ ಜಿನುಗುತ್ತವೆ, ಒಡೆಯುತ್ತವೆ. ವಿಇಜಿಎಫ್ 1983ರಲ್ಲಿ ಮೊದಲು ಪತ್ತೆಯಾದದ್ದೇ ನಾಳಗಳನ್ನು ಸೋರಿಸುವ ವಸ್ತುವಾಗಿ. ನೆಪೋಲಿಯೋನ್ ಫೆರಾರಾ ಅದನ್ನು ಬೆಳವಣಿಗೆ ಅಂಶವೆಂದು ಬೇರ್ಪಡಿಸಿದ್ದು 1989ರಲ್ಲಿ. ಕಣ್ಣೊಳಗೆ ರಕ್ತ ಹರಿದರೆ, ನಾರು ಬೆಳೆದು ಅಕ್ಷಿಪಟವನ್ನು ಎಳೆದರೆ, ದೃಷ್ಟಿಯೇ ಹೋಗಬಹುದು. ಆದ್ದರಿಂದಲೇ ವಿಇಜಿಎಫ್ಅನ್ನು ತಡೆಯುವ ಇಂಜೆಕ್ಷನ್, ಕೆಲವರಿಗೆ ಲೇಸರ್.

ಕಾಲಿನ ಕಥೆ ಬೇರೆ. ಅಲ್ಲಿಯೂ ಆಮ್ಲಜನಕದ ಕೊರತೆಯಿದೆ, ಆದರೆ ಏರಿದ ಸಕ್ಕರೆ ಎಚ್‌ಐಎಫ್ ಕೆಲಸವನ್ನೇ ಕುಂಠಿತಗೊಳಿಸುತ್ತದೆ, ಹಾಗಾಗಿ ಕೂಗು ಕ್ಷೀಣ. ಸೋಂಕಿನ ಜೊತೆ ಹೋರಾಡಲು ಬಂದ ಬಿಳಿರಕ್ತಕಣಗಳು ಎಂಎಂಪಿಗಳನ್ನು ಸುರಿಯುತ್ತಲೇ ಇರುತ್ತವೆ. ಮಿತಿಯಲ್ಲಿದ್ದರೆ ದಾರಿ ಮಾಡಿಕೊಡುವ ಅದೇ ಕಿಣ್ವಗಳು ಮಿತಿಮೀರಿದಾಗ ಹೊಸ ಕೊಲಾಜನ್ನನ್ನೂ ಬೆಳವಣಿಗೆ ಅಂಶಗಳನ್ನೂ ಚೂರುಚೂರು ಮಾಡುತ್ತವೆ. ಪಿಡಿಜಿಎಫ್ ಎಂಬ ಬೆಳವಣಿಗೆ ಅಂಶದ ಮುಲಾಮಿಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಅದು ನೆರವಾಯಿತು, ಆದರೆ ಹುಣ್ಣನ್ನು ಶುಚಿಮಾಡದೆ ಬರಿದೇ ಹಚ್ಚಿದರೆ ಪ್ರಯೋಜನ ಕಡಿಮೆ. ಹುಣ್ಣಿನ ತಳದ ಹಳದಿ ಲೋಳೆಯನ್ನೂ ಸತ್ತ ಮಾಂಸವನ್ನೂ ವೈದ್ಯರು ಕೆರೆದು ತೆಗೆಯುವುದು ಈ ಕಾರಣಕ್ಕೇ. ನೋಡಲು ಕಷ್ಟವಾಗುತ್ತದೆ, ಬೇಡವೆನ್ನಬೇಡಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ನೋವು ತಿಳಿಯದು, ಆದ್ದರಿಂದ ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು ಔಷಧದಷ್ಟೇ ಮುಖ್ಯ. ಗದ್ದೆಗಂತೂ ಅವರು ಇಳಿಯುವುದು ಬೇಡ. ಪಾದದ ನಾಡಿ ಪರೀಕ್ಷಿಸಲು ಕೇಳಿ. ಮೇಲಿನ ದೊಡ್ಡ ರಕ್ತನಾಳವೇ ಕಟ್ಟಿಕೊಂಡಿದ್ದರೆ ಮೊದಲು ಅದನ್ನು ತೆರೆಯಬೇಕು.

ಇಂಜೆಕ್ಷನ್ನಿನ ಭಯದ ಬಗ್ಗೆ: ಕಣ್ಣಿಗೆ ಸಾಮಾನ್ಯವಾಗಿ ಕೊಡುವುದು 0.05 ಮಿಲಿಲೀಟರ್, ಒಂದು ಹನಿಯಷ್ಟು. ರಕ್ತಕ್ಕೆ ಸೇರುವುದು ಬಹಳ ಅಲ್ಪ. ಅದರ ಭಯದಿಂದ ಕಣ್ಣನ್ನು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಸರಿಯಲ್ಲ. ಆದರೂ ಕಾಲಿನ ಹುಣ್ಣಿನ ವಿಷಯ ಹೇಳಿ. ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ ಖಂಡಿತ ತಿಳಿಸಿ.

ಇನ್ನು ಪುಡಿ. ಅದು ನಿಜವಾಗಿ ಮೈತುಂಬ ರಕ್ತನಾಳ ಬೆಳೆಸುವುದಾದರೆ ಮೊದಲ ಪೆಟ್ಟು ಬೀಳುವುದು ಕಣ್ಣಿಗೆ. ಕ್ಯಾನ್ಸರ್ ಗೆಡ್ಡೆಗಳು ಸ್ವಂತ ರಕ್ತನಾಳವಿಲ್ಲದೆ ಒಂದೆರಡು ಮಿಲಿಮೀಟರ್ ಮೀರಿ ಬೆಳೆಯಲಾರವು ಎಂದು ಫೋಕ್‌ಮನ್ 1971ರಲ್ಲೇ ಬರೆದರು. ಯಾರ ಒಳಗೆ ಏನು ಅಡಗಿದೆಯೋ, ಅದನ್ನೂ ಪೋಷಿಸಿದಂತಾಗುತ್ತದೆ. ಬೆಳೆಸುವುದಿಲ್ಲವಾದರೆ ನಿಮ್ಮ ದುಡ್ಡೂ ಹೋಯಿತು, ಹುಣ್ಣಿಗೆ ಕೊಡಬೇಕಾಗಿದ್ದ ದಿನಗಳೂ ಹೋದವು.

ಮೈಸೂರಿಗೆ ಹೋಗುವಾಗ ಮಂಡ್ಯದ ಚೀಟಿಗಳನ್ನು ಒಯ್ಯಿರಿ, ಬರುವಾಗ ಅಲ್ಲಿಯವನ್ನು ತಂದು ಇಲ್ಲಿಯವರಿಗೆ ತೋರಿಸಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಬೇಕು.