ಗಡಿ ಎಳೆದವರು ಯಾರು?

ಶಿರಸಿಯಿಂದ ಪತ್ರ ಬರೆದ ನಿಮಗೆ ನಮಸ್ಕಾರ. ಅಮೆರಿಕದ ಸರ್ಕಾರಿ ಶಾಲೆಗಳ ಲೇಖನ ಓದಿ ನೀವು ಕೇಳಿದ್ದೀರಿ: ‘ಕಪ್ಪು ಮಕ್ಕಳಿಗೆ, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದು 1954ರಲ್ಲೇ ತೀರ್ಪು ಬಂತು. ಈಗ ಜನ ತಮಗೆ ಬೇಕಾದ ಕಡೆ ಮನೆ ಮಾಡಿ, ಹತ್ತಿರದ ಶಾಲೆಗೆ ಮಕ್ಕಳನ್ನು ಸೇರಿಸುತ್ತಾರೆ. ಇದರಲ್ಲಿ ರಾಜ್ಯ ಸರ್ಕಾರ ಮಾಡೋದೇನಿದೆ?’

ಬೇಕಾದ ಕಡೆ ಮನೆ ಮಾಡುವುದು ಎಲ್ಲರ ಕೈಯಲ್ಲಿರಲಿಲ್ಲ. 1934ರಿಂದ ದಶಕಗಳ ಕಾಲ ಕಪ್ಪು ಜನರ ಬಡಾವಣೆಗಳ ಮನೆ ಸಾಲಕ್ಕೆ ಖಾತರಿ ಕೊಡಲು ಅಲ್ಲಿನ ಕೇಂದ್ರ ಸರ್ಕಾರವೇ ಒಪ್ಪುತ್ತಿರಲಿಲ್ಲ. ಶಾಲೆಗಳದ್ದೂ ಇದಕ್ಕೆ ಅಂಟಿಕೊಂಡ ಕಥೆ. ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟ್‌ಗೂ, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಕ್ಕೂ, ಅದರದೇ ಮಂಡಳಿ, ಅದರದೇ ಗಡಿ. ಹೆಚ್ಚಿನ ರಾಜ್ಯಗಳಲ್ಲಿ ಖರ್ಚಿನ ದೊಡ್ಡ ಪಾಲು ಆ ಗಡಿಯೊಳಗಿನ ಆಸ್ತಿ ತೆರಿಗೆಯಿಂದ ಬರುತ್ತದೆ.

ಡೆಟ್ರಾಯಿಟ್‌ನಲ್ಲಿ ನಗರದ ಜೊತೆ ಸುತ್ತಲಿನ 53 ಡಿಸ್ಟ್ರಿಕ್ಟ್‌ಗಳನ್ನೂ ಸೇರಿಸಿಕೊಂಡು ಮಕ್ಕಳನ್ನು ಬೆರೆಸಿ ಎಂದು ಕೆಳಗಿನ ಕೋರ್ಟ್ ಹೇಳಿತ್ತು. 1974ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಅದನ್ನು ತಳ್ಳಿಹಾಕಿತು. 1954ರ ಮೊಕದ್ದಮೆ ಗೆದ್ದ ವಕೀಲ ಥರ್ಗುಡ್ ಮಾರ್ಷಲ್ ಅಷ್ಟು ಹೊತ್ತಿಗೆ ಅದೇ ಕೋರ್ಟಿನ ನ್ಯಾಯಮೂರ್ತಿ. ಅವರು ಆ ತೀರ್ಪನ್ನು ವಿರೋಧಿಸಿ ಬರೆದರು. ಅವರೇ ಸರಿ ಎಂದು ನಾನು ನಂಬುತ್ತೇನೆ.

ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಪೋಷಕರು ಬೇರೆ ದಾರಿ ಹಿಡಿದರು. 1989ರಲ್ಲಿ ರಾಜ್ಯದ ಕೋರ್ಟಿಗೇ ಹೋಗಿ, 1996ರಲ್ಲಿ ಗೆದ್ದರು. ಊರಿನ ಗಡಿಯೇ ಶಾಲೆಯ ಗಡಿ ಎಂಬ ಏರ್ಪಾಡು ರಾಜ್ಯವೇ 1909ರಲ್ಲಿ ಮಾಡಿದ್ದು. ಮಕ್ಕಳನ್ನು ಬೇರೆ ಮಾಡುವ ಉದ್ದೇಶ ಇತ್ತೋ ಇಲ್ಲವೋ, ಸರಿಪಡಿಸುವ ಹೊಣೆ ರಾಜ್ಯದ್ದು ಎಂದಿತು ಕೋರ್ಟ್. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ. ಈಗ ಅಲ್ಲಿ ನಗರದ ಮಕ್ಕಳೂ ಹೊರವಲಯದ ಮಕ್ಕಳೂ ಒಟ್ಟಿಗೆ ಕಲಿಯುವ ಮ್ಯಾಗ್ನೆಟ್ ಶಾಲೆಗಳಿವೆ. ಒಳ್ಳೆಯ ಕೆಲಸವೇ. ಆದರೆ ಸೀಟು ಲಾಟರಿಯಲ್ಲಿ. ಹೆಸರು ಬಾರದ ಮಗು ಹಳೇ ಶಾಲೆಯಲ್ಲೇ ಉಳಿಯುತ್ತೆ, ಅಲ್ವಾ? ಇದು ನನ್ನನ್ನು ತುಂಬ ಕಾಡುತ್ತದೆ.

ಗಡಿಯನ್ನೇ ಬದಲಿಸಿದ ಕಡೆಯೂ ಇದೆ. ನಾರ್ತ್ ಕ್ಯಾರೊಲೈನಾದಲ್ಲಿ ರಾಲಿ ನಗರದ ಶಾಲೆಗಳನ್ನೂ ಸುತ್ತಲಿನ ವೇಕ್ ಕೌಂಟಿಯ ಶಾಲೆಗಳನ್ನೂ 1976ರಲ್ಲಿ ಒಂದು ಮಾಡಿದರು. ಯಾವ ಶಾಲೆಯಲ್ಲೂ ಬಡ ಮನೆಯ ಮಕ್ಕಳು, ಅಂದರೆ ಉಚಿತ ಇಲ್ಲವೇ ಕಡಿಮೆ ದರದ ಊಟ ಪಡೆಯುವವರು, ಶೇ 40ಕ್ಕಿಂತ ಜಾಸ್ತಿ ಆಗಬಾರದೆಂದು ಅಲ್ಲಿನ ಮಂಡಳಿ 2000ದಲ್ಲಿ ಗುರಿ ಇಟ್ಟುಕೊಂಡಿತು. ಚುನಾವಣೆಯಲ್ಲಿ ಮಂಡಳಿ ಬದಲಾಯಿತು. 2010ರಲ್ಲಿ ಆ ನೀತಿಯನ್ನು ಕೈಬಿಟ್ಟರು. ಇಂಥ ನಿಯಮ ಮಂಡಳಿಯ ಮರ್ಜಿಗೆ ಬಿಡದೆ ರಾಜ್ಯದ ಕಾಯ್ದೆಯಲ್ಲೇ ಇರಬೇಕು ಎಂದು ನಾನು ಹೇಳುವುದು ಅದಕ್ಕೇ.